ದೊಡ್ಡ ಫಿಲ್ಮ್ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶೀಟ್ ಫಿಲ್ಮ್ ಕ್ಯಾಮೆರಾ ಇದೆ, ಅದನ್ನು ಬೆಟ್ಟಕ್ಕೆ ಹೊತ್ತುಕೊಂಡು ಹೋಗಬಹುದಾ ಅಂತ ಕೇಳುವವರಿಗಾಗಿ ಈ ಪುಟ. ಕ್ಯಾಮೆರಾ ಬಳಸುವುದು ಅಲ್ಪಸ್ವಲ್ಪ ಗೊತ್ತಿದೆ ಅಂದುಕೊಂಡು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಗುರವಾದ ಸಾಮಾನು ಎಲ್ಲಿ ಸಿಗುತ್ತದೆ ಅಂತ ಹುಡುಕುವುದಕ್ಕಿಂತ, ಯಾವುದನ್ನು ಮನೆಯಲ್ಲೇ ಬಿಟ್ಟು ಹೋಗಬಹುದು ಅಂತ ಯೋಚಿಸಿದರೆ ಜಾಸ್ತಿ ಲಾಭ.

ಲಾರ್ಜ್ ಫಾರ್ಮ್ಯಾಟ್ ಅಂದರೆ ಎಷ್ಟು ದೊಡ್ಡದು?

4×5 ಇಂಚು ಅಥವಾ ಅದಕ್ಕಿಂತ ದೊಡ್ಡ ಫಿಲ್ಮ್. ರೋಲ್ ಇರುವುದಿಲ್ಲ, ಒಂದೊಂದೇ ಹಾಳೆ. 35 ಮಿ.ಮೀ. ಫಿಲ್ಮಿನ ಒಂದು ಫ್ರೇಮಿಗಿಂತ 4×5ರ ಚಿತ್ರದ ಜಾಗ ಸುಮಾರು 13 ಪಟ್ಟು ದೊಡ್ಡದು. 5×7, 8×10 ಕೂಡ ಇವೆ. ಬೇರೆ ಹೇಳದೆ ಇದ್ದರೆ ಇಲ್ಲಿ ಮಾತೆಲ್ಲ 4×5 ಬಗ್ಗೆ.

ಇಷ್ಟೊಂದು ಕಷ್ಟ ಯಾಕೆ? ಡಿಜಿಟಲ್ ಕ್ಯಾಮೆರಾ ಸಾಲದಾ?

ಬೇಕಾದಷ್ಟು ಸಾಕು. ಬರೀ ಸ್ಪಷ್ಟತೆಗಾಗಿ ಅಂತಾದರೆ ಈ ತಾಪತ್ರಯ ಬೇಡ. ಆದರೆ ಈ ಕ್ಯಾಮೆರಾದಲ್ಲಿ ಮುಂಭಾಗ, ಹಿಂಭಾಗ ಎರಡನ್ನೂ ಬೇರೆ ಬೇರೆಯಾಗಿ ಸರಿಸಬಹುದು, ಬಾಗಿಸಬಹುದು. ಕಾಲ ಬುಡದ ಹೂವಿನಿಂದ ಹಿಡಿದು ದೂರದ ಶಿಖರದ ತನಕ ಒಂದೇ ಹಾಳೆಯಲ್ಲಿ ಚೂಪಾಗಿ ತರಬಹುದು. ಒಂದೊಂದು ಹಾಳೆಯನ್ನೂ ಅದರದೇ ರೀತಿಯಲ್ಲಿ ತೊಳೆಯಬಹುದು. ಮತ್ತೆ, ಮಂಜು ಸರಿಯುವುದನ್ನು ಕಾಯುತ್ತಾ ಗ್ರೌಂಡ್ ಗ್ಲಾಸ್ (ಕ್ಯಾಮೆರಾ ಹಿಂಭಾಗದ, ಚಿತ್ರ ಮೂಡುವ ಮಸುಕು ಗಾಜು) ನೋಡುತ್ತಾ ಕೂರುವುದು ಕೆಲವರಿಗೆ ಸುಮ್ನೆ ಇಷ್ಟ. ಅದೂ ಕಾರಣವೇ.

ಕಷ್ಟದ ಮಾತು ಬಂದಾಗ ಹಿಂದಿನವರನ್ನು ನೆನೆಯಬೇಕು. ಇಂಗ್ಲೆಂಡಿನ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆದಾರಿಯಲ್ಲಿ, ಸುಮಾರು 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದ. ಅದು ಒದ್ದೆ ಕೊಲೋಡಿಯನ್ ಕಾಲ. ಗಾಜಿನ ಮೇಲೆ ದ್ರಾವಣ ಹಚ್ಚಬೇಕು, ಅದು ಒಣಗುವ ಮೊದಲೇ ಚಿತ್ರ ತೆಗೆಯಬೇಕು, ಅಲ್ಲೇ ಕತ್ತಲೆ ಟೆಂಟಿನಲ್ಲಿ ತೊಳೆಯಬೇಕು. ಹೊರೆಯೆಲ್ಲ ಕೂಲಿಯಾಳುಗಳ ಬೆನ್ನ ಮೇಲೆ. ಇಟಲಿಯ ವಿಟ್ಟೋರಿಯೊ ಸೆಲ್ಲಾ 1880ರ ದಶಕದಲ್ಲಿ 30×40 ಸೆಂ.ಮೀ. ಗಾಜಿನ ಪ್ಲೇಟುಗಳನ್ನು ಆಲ್ಪ್ಸ್ ಶಿಖರಗಳಿಗೆ ಒಯ್ದ. 1909ರಲ್ಲಿ ಕೆ2 ಯಾತ್ರೆಗೂ ಹೋದ. ಅವರಿಗೆ ಹೋಲಿಸಿದರೆ ನಮ್ಮದು ಆರಾಮದ ಕೆಲಸ.

ಒಟ್ಟು ತೂಕ ಎಷ್ಟಾಗುತ್ತದೆ?

ಮಿತವಾಗಿ ಕಟ್ಟಿದರೆ ಆರರಿಂದ ಏಳು ಕೆ.ಜಿ. ಲೆಕ್ಕ ಹೀಗೆ: ಕ್ಯಾಮೆರಾ ಒಂದೂವರೆ ಕೆ.ಜಿ., ಬೋರ್ಡ್ ಸಮೇತ ಎರಡು ಲೆನ್ಸ್ ಮುಕ್ಕಾಲು ಕೆ.ಜಿ., ಫಿಲ್ಮ್ ಹಾಳೆ ಇಡುವ ಆರು ಹೋಲ್ಡರ್ ಒಂದು ಕೆ.ಜಿ., ಹೆಡ್ ಸಮೇತ ಟ್ರೈಪಾಡ್ ಎರಡು ಕೆ.ಜಿ. ಮೀಟರ್, ಲೂಪ್ (ಫೋಕಸ್ ನೋಡುವ ಭೂತಗನ್ನಡಿ), ಕಪ್ಪು ಬಟ್ಟೆ, ಫಿಲ್ಟರ್, ಚೇಂಜಿಂಗ್ ಬ್ಯಾಗ್ (ಫಿಲ್ಮ್ ತುಂಬುವ ಕತ್ತಲೆ ಚೀಲ) ಎಲ್ಲ ಸೇರಿ ಇನ್ನೊಂದು ಕೆ.ಜಿ. ಇದರ ಮೇಲೆ ಟೆಂಟು, ಸ್ಲೀಪಿಂಗ್ ಬ್ಯಾಗು, ಊಟ, ನೀರು.

ಬೆನ್ನಿನ ಹೊರೆ ದೇಹದ ತೂಕದ ಐದನೇ ಒಂದು ಭಾಗ ದಾಟಬಾರದು ಅಂತ ಚಾರಣಿಗರು ಸಾಮಾನ್ಯವಾಗಿ ಹೇಳುತ್ತಾರೆ. ಲಾರ್ಜ್ ಫಾರ್ಮ್ಯಾಟ್‌ನವರಿಗೆ ಅದರೊಳಗೆ ಉಳಿಯುವುದು ಕಷ್ಟ. ಉಳಿಸುವುದಾದರೆ ಮೊದಲು ಟೆಂಟು, ಹೊದಿಕೆ, ಅಡುಗೆ ಸಾಮಾನು ಇವುಗಳಲ್ಲಿ ಉಳಿಸಿ. ಅಲ್ಲಿ ಒಂದು ಕೆ.ಜಿ. ಇಳಿಸುವುದು ಕ್ಯಾಮೆರಾದಲ್ಲಿ ಒಂದು ಕೆ.ಜಿ. ಇಳಿಸುವುದಕ್ಕಿಂತ ಸುಲಭ, ಖರ್ಚೂ ಕಡಿಮೆ.

ಯಾವ ಕ್ಯಾಮೆರಾ ತೆಗೆದುಕೊಳ್ಳಲಿ?

ಮಡಚುವ ಫೀಲ್ಡ್ ಕ್ಯಾಮೆರಾ. ಪ್ಲೈವುಡ್ಡಿನ ಇಂಟ್ರೆಪಿಡ್ ಸುಮಾರು 1.2 ಕೆ.ಜಿ. ಇದೆ. ಮರ ಮತ್ತು ಕಾರ್ಬನ್ ಫೈಬರ್ ಬಳಸುವ ಶಮೋನಿ ಒಂದೂವರೆ ಕೆ.ಜಿ. ಆಸುಪಾಸು. ಲಿನ್‌ಹೋಫ್ ಟೆಕ್ನಿಕಾ ಥರದ ಲೋಹದ ಕ್ಯಾಮೆರಾಗಳು ಎರಡೂವರೆ ಕೆ.ಜಿ. ದಾಟುತ್ತವೆ. ಆದರೆ ಮುಚ್ಚಿದಾಗ ಅವೇ ಪೆಟ್ಟಿಗೆಯಾಗುವುದರಿಂದ ಒಳಗಿನ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ), ಗಾಜು ಎರಡೂ ಭದ್ರ. ಸ್ಟುಡಿಯೋಗೆ ಮಾಡಿದ, ಒಂದೇ ಹಳಿಯ ಮೇಲೆ ಕೂರುವ ಮಾನೋರೈಲ್ ಕ್ಯಾಮೆರಾವನ್ನು ದಾರಿ ಬದಿಯ ಚಿತ್ರಕ್ಕೆ ಇಟ್ಟುಕೊಳ್ಳಿ.

ತೂಕಕ್ಕಿಂತ ಮೊದಲು ನೋಡಬೇಕಾದ್ದು ಬೇರೆ. ಗಟ್ಟಿ ಮಾಡುವ ತಿರುಪುಗಳು ಕೈಗವಸು ಹಾಕಿದ ಬೆರಳಿಗೆ ಸಿಗುತ್ತವಾ? ಮುಂಭಾಗ ನೆಟ್ಟಗೆ ನಿಲ್ಲುವ ಜಾಗದಲ್ಲಿ ಕಚ್ಚು ಇದೆಯಾ? ಹೋಲ್ಡರ್ ತೂರಿಸಿದಾಗ ಇಡೀ ಕ್ಯಾಮೆರಾ ಅಲ್ಲಾಡುತ್ತದಾ? ಕೊನೆಯದಕ್ಕೆ ಉತ್ತರ ಹೌದು ಅಂತಾದರೆ ಎಷ್ಟೇ ಹಗುರ ಇದ್ದರೂ ಬೇಡ.

8×10 ಒಯ್ಯಬಹುದಾ?

ಒಯ್ಯುವವರು ಇದ್ದಾರೆ. ಫಿಲ್ಮಿನ ಜಾಗ ನಾಲ್ಕು ಪಟ್ಟು, ಹೋಲ್ಡರ್, ಟ್ರೈಪಾಡ್ ಎಲ್ಲವೂ ಅದೇ ಪ್ರಕಾರ ಹಿಗ್ಗುತ್ತವೆ. ಅಷ್ಟೇ ಕೋನದ ನೋಟಕ್ಕೆ ಎರಡು ಪಟ್ಟು ಉದ್ದದ ಲೆನ್ಸ್ ಬೇಕು. ಹಾಗಾಗಿ ಅಪರ್ಚರ್ ಜಾಸ್ತಿ ಮುಚ್ಚಬೇಕು, ಎಕ್ಸ್‌ಪೋಷರ್ ಉದ್ದವಾಗುತ್ತದೆ. ಅಷ್ಟರಲ್ಲಿ ಗಾಳಿ ಬಂದಿರುತ್ತದೆ. ಒಂದು ದಿನದ ನಡಿಗೆಗೆ ಸರಿ, ರಾತ್ರಿ ಉಳಿಯುವ ಚಾರಣಕ್ಕೆ ನನ್ನ ಉತ್ತರ ಬೇಡ.

ಎಷ್ಟು ಲೆನ್ಸ್? ಯಾವುವು?

ಮೊದಲ ಸಲ ಒಂದೇ ಒಂದು. 150 ಮಿ.ಮೀ. ಸಾಕು. ಅದು 4×5ಕ್ಕೆ ಸಾಮಾನ್ಯ ನೋಟದ ಲೆನ್ಸ್. ಉದ್ದವನ್ನು ಮೂರರಿಂದ ಭಾಗಿಸಿದರೆ 35 ಮಿ.ಮೀ. ಕ್ಯಾಮೆರಾದ ಲೆಕ್ಕಕ್ಕೆ ಹತ್ತಿರ ಬರುತ್ತದೆ. 90 ಅಂದರೆ ಅಗಲ ನೋಟ, 300 ಅಂದರೆ ಸಣ್ಣ ಟೆಲಿ.

ಬೆಟ್ಟಕ್ಕೆ ಬರುವವರು ಅಗಲ ಲೆನ್ಸ್ ಬೇಕೇ ಬೇಕು ಅಂದುಕೊಳ್ಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. 90ರಲ್ಲಿ ಕಣ್ಣೆದುರು ಮುಗಿಲಿಗೆ ಚಾಚಿದ್ದ ಶಿಖರ ಫಿಲ್ಮಿನಲ್ಲಿ ಗುಡ್ಡೆಯಾಗಿ ಕೂತಿರುತ್ತದೆ, ಉಳಿದ ಜಾಗವೆಲ್ಲ ಕಲ್ಲು ಮತ್ತು ಆಕಾಶ. ಎರಡನೇ ಲೆನ್ಸ್ ಕೊಳ್ಳುವುದಾದರೆ 240 ಅಥವಾ 300 ನೋಡಿ.

ಹಗುರವಾದವು ಇವೆ. ನಿಕ್ಕೋರ್-ಎಂ 200 ಎಫ್ 8 ಬರೀ 180 ಗ್ರಾಂ. ಫುಜಿನಾನ್-ಎ 240 ಎಫ್ 9 ಸುಮಾರು 245 ಗ್ರಾಂ, ನಿಕ್ಕೋರ್-ಎಂ 300 ಎಫ್ 9 ಸುಮಾರು 290 ಗ್ರಾಂ. ಮೂರಕ್ಕೂ 52 ಮಿ.ಮೀ. ಫಿಲ್ಟರ್ ನಡೆಯುತ್ತದೆ, ಹಾಗಾಗಿ ಒಂದೇ ಸೆಟ್ ಸಾಕು. ಎಫ್ 9 ಅಂದರೆ ಗ್ರೌಂಡ್ ಗ್ಲಾಸ್ ಸ್ವಲ್ಪ ಮಬ್ಬು, ಮುಂಜಾವಿನಲ್ಲಿ ಫೋಕಸ್ ಮಾಡುವುದು ಕಷ್ಟ. ತೂಕ ಉಳಿಸಿದ್ದಕ್ಕೆ ಕೊಡುವ ಬೆಲೆ ಅದು.

ಕೊಳ್ಳುವ ಮೊದಲು ಬೆಲ್ಲೋಸ್ ಅಳೆಯಿರಿ. 300 ಮಿ.ಮೀ. ಲೆನ್ಸಿಗೆ ದೂರದ ಬೆಟ್ಟ ಚೂಪಾಗಲೇ ಸುಮಾರು 300 ಮಿ.ಮೀ. ಬೆಲ್ಲೋಸ್ ಬೇಕು, ಹತ್ತಿರದ್ದಕ್ಕೆ ಇನ್ನೂ ಜಾಸ್ತಿ. ಹಗುರ ಕ್ಯಾಮೆರಾ ಕೆಲವದರಲ್ಲಿ ಅಷ್ಟು ಉದ್ದ ಇರುವುದಿಲ್ಲ. ಟೆಲಿಫೋಟೋ ವಿನ್ಯಾಸದ ಲೆನ್ಸ್‌ಗೆ ಈ ತೊಂದರೆ ಕಡಿಮೆ, ನಿಕ್ಕೋರ್-ಟಿ 360ಕ್ಕೆ ಸುಮಾರು 260 ಮಿ.ಮೀ. ಸಾಕು. ಆದರೆ ಅದರ ತೂಕ ಬೇರೆಯೇ ಕಥೆ.

ಟ್ರೈಪಾಡ್ ಹಗುರದ್ದು ಸಾಕಾ?

ಕಾರ್ಬನ್ ಫೈಬರಿನದು, ನಡುಕಂಬ ಇಲ್ಲದ್ದು, ಹೆಡ್ ಸೇರಿ ಎರಡು ಕೆ.ಜಿ. ಒಳಗಿನದು. ಅದಕ್ಕಿಂತ ಹಗುರಕ್ಕೆ ಆಸೆಪಡಬೇಡಿ. ತಲೆಯ ಎತ್ತರಕ್ಕೆ ಬರಬೇಕಾಗಿಲ್ಲ, ಎದೆ ಮಟ್ಟ ಸಾಕು. ಗ್ರೌಂಡ್ ಗ್ಲಾಸ್ ನೋಡಲು ಹೇಗೂ ಬಗ್ಗುತ್ತೀರಿ. ಬೆಟ್ಟದಲ್ಲಿ ತೆಳ್ಳಗಿನ ಕೊನೆಯ ಕಾಲುಗಳನ್ನು ಪೂರ್ತಿ ಎಳೆಯದೆ ಕೆಲಸ ಮಾಡುವುದು ಒಳ್ಳೆಯದು.

ಎಷ್ಟು ಹೋಲ್ಡರ್ ಒಯ್ಯಲಿ?

ಒಂದು ಹೋಲ್ಡರಿನಲ್ಲಿ ಎರಡು ಹಾಳೆ. ಐದಾರು ಹೋಲ್ಡರ್ ಅಂದರೆ ಹತ್ತು ಹನ್ನೆರಡು ಹಾಳೆ, ಒಂದು ದಿನಕ್ಕೆ ಧಾರಾಳ. ರಾತ್ರಿ ಟೆಂಟಿನಲ್ಲಿ ಖಾಲಿ ಮಾಡಿ ಮತ್ತೆ ತುಂಬಿಕೊಳ್ಳಬಹುದು. ಗ್ರಾಫ್‌ಮ್ಯಾಟಿಕ್ ಅನ್ನುವ ಹಳೆಯ ಹೋಲ್ಡರಿನಲ್ಲಿ ಆರು ಹಾಳೆ ಹಿಡಿಯುತ್ತದೆ, ಜಾಗ ಉಳಿಯುತ್ತದೆ. ಆದರೆ ಒಳಗಿನ ತಗಡು ಸ್ವಲ್ಪ ಬಾಗಿದ್ದರೂ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಚೆನ್ನಾಗಿ ಪರೀಕ್ಷಿಸಿದ ಮೇಲೆ ನಂಬಿ. ಒಂದೊಂದು ಹಾಳೆಯ ಲಕೋಟೆಯಲ್ಲಿ ಬರುತ್ತಿದ್ದ ಫುಜಿ ಕ್ವಿಕ್‌ಲೋಡ್, ಕೊಡಾಕ್ ರೆಡಿಲೋಡ್ ಚಾರಣಿಗರಿಗೆ ವರದಾನವಾಗಿದ್ದವು. ಎರಡೂ ನಿಂತುಹೋಗಿವೆ.

ಟೆಂಟಿನಲ್ಲಿ ಫಿಲ್ಮ್ ತುಂಬುವುದು ಹೇಗೆ?

ಕತ್ತಲಾಯಿತು ಅಂತ ಬರಿಗೈಲಿ ತುಂಬಬೇಡಿ. ಬೆಳದಿಂಗಳೂ ಫಿಲ್ಮಿಗೆ ಬೆಳಕೇ. ಚೇಂಜಿಂಗ್ ಬ್ಯಾಗ್ ಅಥವಾ ಸಣ್ಣ ಚೇಂಜಿಂಗ್ ಟೆಂಟ್ ಬೇಕು. ಟೆಂಟ್ ಥರದ್ದಕ್ಕೆ ಕಮಾನು ಕಡ್ಡಿ ಇರುವುದರಿಂದ ಬಟ್ಟೆ ಫಿಲ್ಮಿನ ಮೇಲೆ ಬೀಳುವುದಿಲ್ಲ, ಧೂಳು ಕಡಿಮೆ.

ಮೊದಲು ಕೈ ತೊಳೆದು ಒಣಗಿಸಿ. ಏರು ಹತ್ತಿ ಬಂದ ಕೂಡಲೇ ಈ ಕೆಲಸಕ್ಕೆ ಕೂರಬೇಡಿ. ಬೆವರು ಆರಲಿ, ಊಟ ಆಗಲಿ. ಬ್ಯಾಗನ್ನು ಒಳಹೊರಗು ಮಾಡಿ ಒದರಿ. ಹೋಲ್ಡರುಗಳನ್ನು ಬ್ರಷ್‌ನಿಂದ ಒರೆಸಿ, ಡಾರ್ಕ್ ಸ್ಲೈಡ್ (ಹಾಳೆಗೆ ಬೆಳಕು ತಾಗದಂತೆ ಮುಚ್ಚುವ ತಗಡು) ಅರ್ಧ ಎಳೆದಿಟ್ಟು, ಬಿಳಿ ಅಂಚು (ಬಳಸದ ಹಾಳೆಯ ಗುರುತು) ಹೊರಗೆ ಕಾಣುವಂತೆ ತಿರುಗಿಸಿ ಒಳಗಿಡಿ. ಫಿಲ್ಮ್ ಡಬ್ಬಿ ಎಡಕ್ಕೆ, ಹೋಲ್ಡರ್ ಬಲಕ್ಕೆ. ಯಾವ ಕಡೆ ಅನ್ನುವುದು ನಿಮ್ಮಿಷ್ಟ, ಆದರೆ ಪ್ರತಿ ಸಲವೂ ಅದೇ ಇರಲಿ. ಜಿಪ್ ಎರಡೂ ಎಳೆದಿರಾ ಅಂತ ನೋಡಿ ಕೈ ತೂರಿಸಿ.

ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದಾಗ ಅಂಚಿನ ಸಣ್ಣ ಕಚ್ಚುಗಳು ಮೇಲೆ ಬಲ ಮೂಲೆಯಲ್ಲಿ ಬೆರಳಿಗೆ ಸಿಕ್ಕಿದರೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ನಿಮ್ಮ ಕಡೆಗಿದೆ ಅಂತ. ಅದೇ ಮುಖ ಮೇಲೆ ಬರುವಂತೆ ಎರಡೂ ಬದಿಯ ಸಣ್ಣ ಹಳಿಗಳ ಕೆಳಗೆ ಹಾಳೆ ತೂರಿಸಿ. ಪೂರ್ತಿ ಹೋದ ಮೇಲೆ ಬೆರಳ ತುದಿಯಿಂದ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಎದ್ದು ಬಂದರೆ ಹಳಿಯ ಮೇಲೆ ಕೂತಿದೆ, ತೆಗೆದು ಮತ್ತೆ ಹಾಕಿ. ತುದಿಯ ಮುಚ್ಚಳ ಮಡಚಿ, ಸ್ಲೈಡ್ ತಳ್ಳಿ, ಕೊಕ್ಕೆ ತಿರುಗಿಸಿ.

ಬಳಸಿದ ಫಿಲ್ಮಿಗೆ ಮೂರು ಪದರದ ಖಾಲಿ ಡಬ್ಬಿ ಬೇರೆ ಇರಲಿ. ಅದಕ್ಕೆ ಸುತ್ತಲೂ ರಬ್ಬರ್ ಬ್ಯಾಂಡ್ ಹಾಕಿ. ಕತ್ತಲಲ್ಲಿ ಮುಟ್ಟಿದರೇ ಗೊತ್ತಾಗುತ್ತದೆ.

ಯಾವ ಫಿಲ್ಮ್ ಒಳ್ಳೆಯದು?

ಕಪ್ಪು ಬಿಳುಪಿನಲ್ಲಿ ಇಲ್ಫರ್ಡ್ ಕಂಪನಿಯ ಎಚ್‌ಪಿ5 ಪ್ಲಸ್. ಅದರ ವೇಗ 400. ಎಫ್ 22ಕ್ಕೆ ಮುಚ್ಚಿ, ಮೇಲೆ ಫಿಲ್ಟರ್ ಹಾಕಿ, ಗಾಳಿಯಲ್ಲಿ ಹುಲ್ಲು ನಿಲ್ಲಿಸಬೇಕಾದಾಗ ಆ ವೇಗದ ಬೆಲೆ ಗೊತ್ತಾಗುತ್ತದೆ. ಇಷ್ಟು ದೊಡ್ಡ ನೆಗೆಟಿವ್‌ನಲ್ಲಿ ಗ್ರೇನ್ ಚಿಂತೆ ಬೇಡ. ನಿಧಾನಕ್ಕೆ ಕೆಲಸ ಮಾಡುವವರಿಗೆ ಎಫ್‌ಪಿ4 ಪ್ಲಸ್, ಟಿ-ಮ್ಯಾಕ್ಸ್ 100. ಬಣ್ಣಕ್ಕೆ ಪೋರ್ಟ್ರಾ 160. ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲದೆ ನೇರ ಚಿತ್ರವೇ ಮೂಡುವುದು) ಚಂದ, ಆದರೆ ಬಿಸಿಲಿನ ಹಿಮ ಮತ್ತು ನೆರಳಿನ ಕಣಿವೆ ಎರಡನ್ನೂ ಅದು ಹಿಡಿಯುವುದಿಲ್ಲ. ಒಂದು ಚಾರಣಕ್ಕೆ ಒಂದೇ ಫಿಲ್ಮ್ ಒಯ್ಯಿರಿ. ಎರಡು ಬಗೆ ಇದ್ದರೆ ಹೋಲ್ಡರ್ ಗೊಂದಲ ತಪ್ಪಿದ್ದಲ್ಲ.

ಚೀಲದಲ್ಲಿ ಯಾವುದು ಎಲ್ಲಿ?

ಕ್ಯಾಮೆರಾ ಬೆನ್ನಿಗೆ ಹತ್ತಿರ, ಭುಜದ ಎಲುಬಿನ ಮಟ್ಟಕ್ಕೆ. ಸ್ಲೀಪಿಂಗ್ ಬ್ಯಾಗ್ ಕೆಳಗೆ. ಲೆನ್ಸ್‌ಗಳನ್ನು ಉಣ್ಣೆ ಟೋಪಿ, ಕಾಲುಚೀಲದಲ್ಲಿ ಸುತ್ತಿ. ದಪ್ಪ ಫೋಮ್ ಗೂಡುಗಳಿರುವ ಫೋಟೋ ಚೀಲ ಚಾರಣಕ್ಕೆ ಆಗುವುದಿಲ್ಲ, ಅದರ ಸೊಂಟಪಟ್ಟಿ ಹೊರೆ ಹೊರುವುದಿಲ್ಲ. ಹೋಲ್ಡರುಗಳನ್ನು ಒಂದೊಂದಾಗಿ ಜಿಪ್ ಕವರಿನಲ್ಲಿ ಹಾಕಿ. ನೀರಿನ ಚೀಲ ಇರುವ ಅರೆಗೆ ಫಿಲ್ಮ್ ಸೇರಿಸಬೇಡಿ. ಬೇಗ ಬೇಕಾಗುವ ಮೀಟರ್ ಸೊಂಟದಲ್ಲಿರಲಿ.

ಒಂದು ಸಣ್ಣ ಸಾಮಾನು ಮರೆಯಬೇಡಿ: ನಡುವೆ 4×5 ಇಂಚಿನ ಕಿಂಡಿ ಕೊರೆದ ರಟ್ಟು. ಕಣ್ಣಿನಿಂದ 150 ಮಿ.ಮೀ. ದೂರ ಹಿಡಿದರೆ 150 ಲೆನ್ಸಿನ ನೋಟ, 300 ದೂರದಲ್ಲಿ 300ರ ನೋಟ. ದಾರಕ್ಕೆ ಆ ಅಳತೆಯಲ್ಲಿ ಗಂಟು ಹಾಕಿ ರಟ್ಟಿಗೆ ಕಟ್ಟಿ. ಚೀಲ ಇಳಿಸಬೇಕೋ ಬೇಡವೋ ಅಂತ ಇದೇ ಹೇಳುತ್ತದೆ.

ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೇಕು?

ಕೈ ಪಳಗಿದವರಿಗೆ ಹತ್ತು ನಿಮಿಷ. ಹೊಸಬರಿಗೆ ಅರ್ಧ ಗಂಟೆ. ಬೆಳಕು ಓಡುತ್ತಿದ್ದರೆ ಗಾಬರಿ ಆಗುವುದು ಸಹಜ. ಅದಕ್ಕೆ ಮದ್ದು ಒಂದೇ, ಕ್ರಮ ತಪ್ಪದಿರುವುದು. ಶಟರ್ ತೆರೆದಿಟ್ಟು, ಅಪರ್ಚರ್ ಪೂರ್ತಿ ತೆಗೆದು, ಬಟ್ಟೆಯೊಳಗೆ ಹೋಗಿ ನೋಡಿ. ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಕೆಲವು ದಿನಕ್ಕೆ ಅದು ರೂಢಿಯಾಗುತ್ತದೆ, ರಚನೆ ನೋಡಲು ಅನುಕೂಲವೂ ಹೌದು. ಲೂಪಿನಲ್ಲಿ ಫೋಕಸ್ ನೋಡಿ, ಎಲ್ಲ ತಿರುಪು ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಫೋಕಸ್ ಮತ್ತೊಮ್ಮೆ ನೋಡಿ. ಮೂಲೆಗಳನ್ನೂ ನೋಡಿ.

ಈಗ ಬಟ್ಟೆಯಿಂದ ಹೊರಬನ್ನಿ. ಶಟರ್ ಮುಚ್ಚಿ. ಅಪರ್ಚರ್, ವೇಗ ಇಡಿ. ಖಾಲಿಯಾಗಿ ಒಮ್ಮೆ ಹೊಡೆದು ಶಬ್ದ ಕೇಳಿ, ಮತ್ತೆ ಕಾಕ್ ಮಾಡಿ. ಹೋಲ್ಡರ್ ಕೂರಿಸುವಾಗ ಕ್ಯಾಮೆರಾ ಬೆನ್ನನ್ನು ಇನ್ನೊಂದು ಕೈಲಿ ಹಿಡಿದಿರಿ. ಡಾರ್ಕ್ ಸ್ಲೈಡ್ ಎಳೆಯುವ ಮೊದಲು "ಶಟರ್ ಮುಚ್ಚಿದೆಯಾ?" ಅಂತ ಬಾಯಿಬಿಟ್ಟೇ ಕೇಳಿಕೊಳ್ಳಿ. ಯಾರೂ ನಗುವುದಿಲ್ಲ, ನಕ್ಕರೂ ಪರವಾಗಿಲ್ಲ. ಎಳೆದ ಸ್ಲೈಡನ್ನು ಲೆನ್ಸಿನ ಮೇಲೆ ಬಿಸಿಲು ಬೀಳದಂತೆ ಅಡ್ಡ ಹಿಡಿಯಿರಿ, ಚಿತ್ರದೊಳಗೆ ಬಾರದ ಹಾಗೆ. ಕೆಲವು ಕ್ಷಣ ನಿಂತು ಶಟರಿನ ಕೇಬಲ್ ಒತ್ತಿ. ಸ್ಲೈಡನ್ನು ಕಪ್ಪು ಅಂಚು ಹೊರಗೆ ಬರುವಂತೆ ಹಿಂದಕ್ಕೆ ಹಾಕಿ, ಕೊಕ್ಕೆ ತಿರುಗಿಸಿ. ಹೋಲ್ಡರ್ ಸಂಖ್ಯೆ, ಅಪರ್ಚರ್, ಸಮಯ ಪುಸ್ತಕದಲ್ಲಿ ಬರೆಯಿರಿ.

ಟಿಲ್ಟ್ (ಲೆನ್ಸ್ ಬಾಗಿಸುವುದು) ಎಷ್ಟು ಕೊಡಬೇಕು?

ಅಂದುಕೊಂಡಿದ್ದಕ್ಕಿಂತ ಕಡಿಮೆ. ಲೆನ್ಸಿನ ಫಲಕ, ಫಿಲ್ಮಿನ ಫಲಕ, ಚೂಪಾಗಿ ಬರಬೇಕಾದ ಫಲಕ, ಮೂರೂ ಒಂದೇ ರೇಖೆಯಲ್ಲಿ ಸೇರಬೇಕು. ತಿಯೋಡೋರ್ ಶೈಮ್‌ಫ್ಲುಗ್ 1904ರಲ್ಲಿ ಪೇಟೆಂಟ್ ಪಡೆದಾಗಿನಿಂದ ಇದಕ್ಕೆ ಅವನ ಹೆಸರೇ ಅಂಟಿದೆ. ನೆಲದಿಂದ ಲೆನ್ಸ್ ಒಂದೂವರೆ ಮೀಟರ್ ಎತ್ತರದಲ್ಲಿದ್ದು, ಕಾಲ ಬುಡದ ಹುಲ್ಲಿನಿಂದ ದೂರದ ಬಯಲಿನ ತನಕ ಚೂಪು ಬೇಕಾದರೆ 150 ಲೆನ್ಸಿಗೆ ಆರು ಡಿಗ್ರಿಯೂ ಬೇಡ. 210ಕ್ಕೆ ಎಂಟು. ಹೊಸಬರು ಹದಿನೈದು ಕೊಟ್ಟು ಏನೂ ಚೂಪಾಗುತ್ತಿಲ್ಲ ಅಂತ ಒದ್ದಾಡುತ್ತಾರೆ.

ಹತ್ತಿರ ಎತ್ತರದ ಮರವೋ ಬಂಡೆಯೋ ಇದ್ದರೆ ಟಿಲ್ಟ್ ಬಿಡಿ, ಅದರ ತುದಿ ಮಸುಕಾಗುತ್ತದೆ. ಅಪರ್ಚರ್ ಮುಚ್ಚಿ ಸರಿಮಾಡಿ. ಹತ್ತಿರದ್ದಕ್ಕೊಮ್ಮೆ ದೂರದ್ದಕ್ಕೊಮ್ಮೆ ಫೋಕಸ್ ಮಾಡಿ, ಕ್ಯಾಮೆರಾ ಹಳಿಯ ಮೇಲೆ ಎಷ್ಟು ಮಿ.ಮೀ. ಸರಿಯಿತು ಅಂತ ನೋಡಿ. 2 ಮಿ.ಮೀ. ಆದರೆ ಎಫ್ 22, 4 ಆದರೆ ಎಫ್ 32. ಫೋಕಸನ್ನು ಎರಡರ ನಡುವೆ ನಿಲ್ಲಿಸಿ. ಎಫ್ 45 ತನಕ ಹೋದರೆ ಡಿಫ್ರ್ಯಾಕ್ಷನ್‌ನಿಂದ (ಸಣ್ಣ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಎಲ್ಲವೂ ಸ್ವಲ್ಪ ಮೆದುವಾಗುತ್ತದೆ.

ಎತ್ತರದಲ್ಲಿ ಬೆಳಕಿನ ಲೆಕ್ಕ ಬದಲಾಗುತ್ತದಾ?

ಗಾಳಿ ತೆಳ್ಳಗೆ ಇರುವುದರಿಂದ ಆಕಾಶ ಗಾಢವಾಗುತ್ತದೆ, ಬಿಸಿಲು ಚುರುಕಾಗುತ್ತದೆ, ನೆರಳು ಕಪ್ಪಾಗಿ, ನೀಲಿಯಾಗಿ ಬರುತ್ತದೆ. ಬಣ್ಣದ ಫಿಲ್ಮಿಗೆ ಯುವಿ ಫಿಲ್ಟರ್ ಇರಲಿ. ಪೋಲರೈಸರ್ ಹಾಕಿದರೆ ಆಕಾಶ ಹೆಚ್ಚುಕಡಿಮೆ ಕಪ್ಪಾಗಬಹುದು, ಅಗಲ ಲೆನ್ಸಿನಲ್ಲಿ ಒಂದು ಕಡೆ ಮಾತ್ರ ಕಪ್ಪು ಪಟ್ಟೆ ಬರುತ್ತದೆ.

ಕಪ್ಪು ಬಿಳುಪಿನಲ್ಲಿ ಹಳದಿ ಫಿಲ್ಟರಿಗೆ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು), ಕೆಂಪಿಗೆ ಮೂರು ಸ್ಟಾಪ್ ಜಾಸ್ತಿ ಕೊಡಬೇಕು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರು ಮೊದಲು ಹಳದಿ ಫಿಲ್ಟರಿನಲ್ಲಿ ಒಂದು ಗಾಜಿನ ಪ್ಲೇಟ್ ತೆಗೆದ. ಆಮೇಲೆ ಉಳಿದಿದ್ದ ಕೊನೆಯ ಪ್ಲೇಟಿಗೆ ಗಾಢ ಕೆಂಪು ಹಾಕಿದ. ಆಕಾಶ ಕಪ್ಪಾದ ಆ ಎರಡನೆಯದೇ ಹೆಸರಾಯಿತು. ಅದನ್ನು ನೋಡಿ ಎಲ್ಲರೂ ಕೆಂಪು ಫಿಲ್ಟರ್ ಕೊಳ್ಳುತ್ತಾರೆ. ಆದರೆ ಬೆಟ್ಟದ ನೆರಳಿಗೆ ಬೆಳಕು ಬರುವುದೇ ನೀಲಿ ಆಕಾಶದಿಂದ. ಕೆಂಪು ಫಿಲ್ಟರ್ ಅದನ್ನೂ ನುಂಗಿಬಿಡುತ್ತದೆ, ನೆರಳಲ್ಲಿ ಏನೂ ಉಳಿಯುವುದಿಲ್ಲ. ದಿನಬಳಕೆಗೆ ಹಳದಿ ಸಾಕು, ಬೇಕಿದ್ದರೆ ಕಿತ್ತಳೆ.

ಹಿಮದ ಮೇಲೆ ಮೀಟರ್ ಹಿಡಿದರೆ ಅದು ಬೂದು ಅಂತ ತಿಳಿಯುತ್ತದೆ. ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಆದರೆ ಬಿಸಿಲಿನ ಹಿಮಕ್ಕೆ ಎರಡು ಸ್ಟಾಪ್ ಜಾಸ್ತಿ ಕೊಡಿ. ನೆಗೆಟಿವ್ ಫಿಲ್ಮಿಗೆ ನೆರಳನ್ನು ಅಳೆದು ಅಲ್ಲಿಂದ ಲೆಕ್ಕ ಹಾಕುವುದು ಇನ್ನೂ ಭದ್ರ.

ಮೀಟರ್ ಹೇಳಿದ್ದಕ್ಕಿಂತ ಜಾಸ್ತಿ ಸಮಯ ಯಾವಾಗ ಕೊಡಬೇಕು?

ಎರಡು ಸಂದರ್ಭ. ಒಂದು, ಎಕ್ಸ್‌ಪೋಷರ್ ಒಂದು ಸೆಕೆಂಡ್ ದಾಟಿದಾಗ. ಫಿಲ್ಮ್ ನಿಧಾನವಾಗುತ್ತದೆ. ಇಲ್ಫರ್ಡ್ ಕೊಡುವ ಸೂತ್ರದಂತೆ ಎಫ್‌ಪಿ4 ಪ್ಲಸ್‌ಗೆ 10 ಸೆಕೆಂಡ್ ಬಂದರೆ 18 ಕೊಡಬೇಕು, 30 ಬಂದರೆ ಸುಮಾರು 73. ಎಚ್‌ಪಿ5 ಪ್ಲಸ್‌ಗೆ ಇನ್ನೂ ಜಾಸ್ತಿ. ಸ್ಲೈಡ್ ಫಿಲ್ಮ್ ಪ್ರೋವಿಯಾ 100ಎಫ್‌ಗೆ ಎರಡು ನಿಮಿಷದ ತನಕ ಏನೂ ಬೇಡ. ಕೋಷ್ಟಕ ಬರೆದು ಮೀಟರಿಗೆ ಅಂಟಿಸಿಬಿಡಿ. ಬೆಳಗಿನ ಚಳಿಯಲ್ಲಿ ಲೆಕ್ಕ ಹತ್ತುವುದಿಲ್ಲ.

ಇನ್ನೊಂದು, ಹತ್ತಿರದ ವಸ್ತುವಿಗೆ ಬೆಲ್ಲೋಸ್ ಉದ್ದ ಎಳೆದಾಗ. 150 ಲೆನ್ಸ್ 210 ಮಿ.ಮೀ.ಗೆ ಬಂದರೆ ಒಂದು ಸ್ಟಾಪ್, 300ಕ್ಕೆ ಬಂದರೆ ಎರಡು.

ಗಾಳಿಗೆ ಏನು ಮಾಡುವುದು?

ಇದೇ ದೊಡ್ಡ ಶತ್ರು, ತೂಕ ಅಲ್ಲ. ಬೆಲ್ಲೋಸ್ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಟ್ರೈಪಾಡ್ ತಗ್ಗಿಸಿ. ಕಾಲುಗಳನ್ನು ಅಗಲ ಮಾಡಿ, ಒಂದು ಕಾಲು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಇರಲಿ ಅಥವಾ ಬಂಡೆಗೆ ಒತ್ತಿಕೊಂಡಿರಲಿ. ಚೀಲ ತೂಗುಹಾಕಿದರೆ ಅದೇ ತೂಗಾಡಿ ಕ್ಯಾಮೆರಾ ಅಲ್ಲಾಡಿಸುತ್ತದೆ, ನೆಲಕ್ಕೆ ತಾಗುವಂತೆ ಕಟ್ಟಿ. ಕಪ್ಪು ಬಟ್ಟೆಯನ್ನು ಎಕ್ಸ್‌ಪೋಷರಿಗೆ ಮೊದಲು ತೆಗೆದುಬಿಡಿ. ಗಾಳಿ ಅಲೆ ಅಲೆಯಾಗಿ ಬರುತ್ತದೆ. ದೂರದ ಹುಲ್ಲು ನಿಂತಿತು ಅಂದ ಕೂಡಲೇ ಒತ್ತಿ. ಬೆಟ್ಟದಲ್ಲಿ ಸೂರ್ಯ ಹುಟ್ಟುವ ಮೊದಲಿನ ಹೊತ್ತು ಸಾಮಾನ್ಯವಾಗಿ ಶಾಂತ. ಬೇಗ ಏಳುವುದಕ್ಕೆ ಇದೂ ಒಂದು ಕಾರಣ.

ಚಳಿಯಲ್ಲಿ ಏನೇನು ಕೆಡುತ್ತದೆ?

ಶಟರಿನ ಎಣ್ಣೆ ಗಟ್ಟಿಯಾಗಿ ನಿಧಾನ ವೇಗಗಳು ಎಳೆಯುತ್ತವೆ. ಅರ್ಧ, ಒಂದು ಸೆಕೆಂಡಿನ ಶಬ್ದ ಮೊದಲೇ ಕಿವಿಗೆ ಪರಿಚಯ ಇರಲಿ. ಅನುಮಾನ ಬಂದರೆ ಶಟರನ್ನು ಬಿಗೆ (ಒತ್ತಿದಷ್ಟು ಹೊತ್ತು ತೆರೆದಿರುವ ಗುರುತು) ಇಟ್ಟು ನೀವೇ ಎಣಿಸಿ. ಒಣ ಚಳಿಯಲ್ಲಿ ಡಾರ್ಕ್ ಸ್ಲೈಡ್ ಸರಕ್ಕನೆ ಎಳೆದರೆ ಸ್ಥಾಯೀ ವಿದ್ಯುತ್ತಿನ ಕಿಡಿ ಹಾರಿ ಫಿಲ್ಮಿನಲ್ಲಿ ಕವಲು ಕವಲು ಗೆರೆ ಬೀಳುತ್ತದೆ, ನಿಧಾನಕ್ಕೆ ಎಳೆಯಿರಿ. ನಿಮ್ಮ ಉಸಿರು ಗ್ರೌಂಡ್ ಗ್ಲಾಸ್ ಮೇಲೆ ಕೂತು ಹೆಪ್ಪುಗಟ್ಟುತ್ತದೆ. ಬಟ್ಟೆಯೊಳಗೆ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿ ಉಸಿರು ಬಿಡಿ. ಮೀಟರ್ ಬ್ಯಾಟರಿ ಒಳಜೇಬಿನಲ್ಲಿರಲಿ.

ತಣ್ಣಗಿರುವ ಲೆನ್ಸ್, ಹೋಲ್ಡರುಗಳನ್ನು ಬಿಸಿ ಕೋಣೆಗೆ ನೇರ ತಂದರೆ ನೀರು ಕೂರುತ್ತದೆ. ಹೊರಗೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಗೆ ತನ್ನಿ, ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬೇಡಿ.

ಮಳೆ ಬಂದರೆ?

ಮುಚ್ಚಿಡಿ. ಮರದ ಕ್ಯಾಮೆರಾ ಉಬ್ಬುತ್ತದೆ, ಬೆಲ್ಲೋಸ್ ನೆನೆಯುತ್ತದೆ, ಹೋಲ್ಡರಿನೊಳಗೆ ಹನಿ ಹೋದರೆ ಹಾಳೆ ಅಂಟಿಕೊಳ್ಳುತ್ತದೆ. ತುಂತುರಿಗೆ ಮಾತ್ರ ಕೊಡೆ ಸಾಕು, ಅದು ಗಾಳಿಗೂ ಆಗುತ್ತದೆ.

ಫಿಲ್ಮಿನಲ್ಲಿ ಬೆಳಕಿನ ಗೆರೆ ಬೀಳುತ್ತಿದೆ. ಎಲ್ಲಿಂದ?

ಹೊರಡುವ ಮೊದಲು ಕತ್ತಲೆ ಕೋಣೆಯಲ್ಲಿ ಬೆಲ್ಲೋಸಿನೊಳಗೆ ಟಾರ್ಚ್ ಹಾಕಿ, ಎಳೆದು ಹೊರಗಿನಿಂದ ನೋಡಿ. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣಿಸಿದರೆ ಕಪ್ಪು ಟೇಪು ಅಥವಾ ಕಪ್ಪು ಬಟ್ಟೆ ಬಣ್ಣ ಹಚ್ಚಿ. ಗೆರೆ ಯಾವಾಗಲೂ ಹಾಳೆಯ ಒಂದೇ ಅಂಚಿನಲ್ಲಿ, ಸ್ಲೈಡ್ ಎಳೆಯುವ ಕಡೆ ಇದ್ದರೆ ಹೋಲ್ಡರಿನ ಒಳಗಿನ ವೆಲ್ವೆಟ್ ಸವೆದಿದೆ. ಹೋಲ್ಡರಿಗೆ ಸಂಖ್ಯೆ ಬರೆದಿಟ್ಟಿದ್ದರೆ ಯಾವುದು ಅಂತ ಕೂಡಲೇ ಗೊತ್ತಾಗುತ್ತದೆ. ಎತ್ತರದ ಬಿಸಿಲು ತೀಕ್ಷ್ಣ. ಸ್ಲೈಡ್ ಎಳೆಯುವಾಗ ಹೋಲ್ಡರಿನ ಮೇಲೆ ಕಪ್ಪು ಬಟ್ಟೆ ಹೊದಿಸುವ ಅಭ್ಯಾಸ ಒಳ್ಳೆಯದು.

ವಿಮಾನದಲ್ಲಿ ಫಿಲ್ಮ್ ಒಯ್ಯುವುದು?

ಕೈಚೀಲದಲ್ಲೇ ಒಯ್ಯಿರಿ. ಲಗೇಜಿಗೆ ಹಾಕಿದರೆ ಅದರ ಎಕ್ಸ್‌ರೇ ಜೋರು, ಫಿಲ್ಮ್ ಹಾಳು. ಕೈಚೀಲಕ್ಕೂ ಈಗ ಅನೇಕ ಕಡೆ ಸಿಟಿ ಸ್ಕ್ಯಾನರ್ ಬಂದಿದೆ, ಅದೂ ಫಿಲ್ಮಿಗೆ ಆಗದು. ಕೈಯಿಂದ ಪರೀಕ್ಷಿಸಿ ಅಂತ ವಿನಯದಿಂದ ಕೇಳಿ. ಒಪ್ಪುವುದು ಬಿಡುವುದು ಅಲ್ಲಿನವರ ಕೈಲಿ. ಡಬ್ಬಿ ಸೀಲ್ ಒಡೆಯದೆ ಇರಲಿ. ಹೋಲ್ಡರ್ ತುಂಬಿಸಿಕೊಂಡು ಹೋಗಬೇಡಿ, ತೆರೆದು ತೋರಿಸಿ ಅಂದರೆ ಕಥೆ ಮುಗಿಯಿತು. ಚೇಂಜಿಂಗ್ ಬ್ಯಾಗ್ ಜೊತೆಯಲ್ಲಿರಲಿ, ಡಬ್ಬಿಯನ್ನು ಅದರೊಳಗೆ ಮುಟ್ಟಿ ನೋಡಬಹುದು ಅಂತ ಹೇಳಬಹುದು.

ಎತ್ತರಕ್ಕೆ ದೇಹ ಒಗ್ಗಬೇಕಲ್ವಾ?

ಹೌದು, ಹೊರೆ ಇದ್ದಾಗ ಇನ್ನೂ ಜಾಸ್ತಿ ಎಚ್ಚರ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿರಾಮ ಇರಬೇಕು. ಆ ವಿರಾಮದ ದಿನವೇ ಚಿತ್ರಕ್ಕೆ ಒಳ್ಳೆಯ ದಿನ. ಟೆಂಟು ಅಲ್ಲೇ ಇರುತ್ತದೆ, ಕ್ಯಾಮೆರಾ ಮಾತ್ರ ಹೊತ್ತು ಸುತ್ತಾಡಬಹುದು. ತಲೆನೋವು, ವಾಂತಿ, ನಡಿಗೆ ತಡವರಿಸುವುದು ಶುರುವಾದರೆ ಬೆಳಕು ಎಷ್ಟೇ ಚಂದ ಇರಲಿ, ಕೆಳಗಿಳಿಯಿರಿ.

ಜೊತೆಗೆ ಬಂದವರು ಕಾಯುತ್ತಾರಾ?

ಒಂದು ಸಲ ಕಾಯುತ್ತಾರೆ. ನಡೆಯುವ ದಾರಿಯಲ್ಲಿ ಪದೇ ಪದೇ ಚೀಲ ಬಿಚ್ಚಬೇಡಿ. ಕ್ಯಾಂಪಿಗೆ ಬೇಗ ತಲುಪಿ, ಸಂಜೆ ಮತ್ತು ಬೆಳಗ್ಗೆ ನಿಮ್ಮ ಕೆಲಸ ಇಟ್ಟುಕೊಳ್ಳಿ. ಟ್ರೈಪಾಡನ್ನು ದಾರಿಗೆ ಅಡ್ಡ ನಿಲ್ಲಿಸಬೇಡಿ. ಎತ್ತರದ ಹುಲ್ಲುಗಾವಲಿನ ಗಿಡಗಳು ಒಮ್ಮೆ ತುಳಿದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು, ಬಂಡೆಯ ಮೇಲೆ ನಿಲ್ಲಿ.

ವಾಪಸ್ ಬಂದ ಮೇಲೆ ಫಿಲ್ಮ್ ತಕ್ಷಣ ತೊಳೆಯಬೇಕಾ?

ಕೆಲವು ವಾರ ತಡವಾದರೆ ತೊಂದರೆ ಇಲ್ಲ, ತಂಪಾಗಿ, ಒಣದಾಗಿ ಇಡಿ. ಎಸ್‌ಪಿ-445 ಟ್ಯಾಂಕಿನಲ್ಲಿ ನಾಲ್ಕು ಹಾಳೆ, ಪ್ಯಾಟರ್ಸನ್ ಟ್ಯಾಂಕಿಗೆ ಹಾಕುವ ಮಾಡ್54ರಲ್ಲಿ ಆರು, ಜೋಬೋ 3010ರಲ್ಲಿ ಹತ್ತು ಹಾಳೆ ಹಿಡಿಯುತ್ತದೆ. ಎಲ್ಲವನ್ನೂ ಒಂದೇ ಸಲ ತೊಳೆಯಬೇಡಿ. ಒಂದೇ ದೃಶ್ಯದ ಎರಡು ಹಾಳೆ ಇದ್ದರೆ ಒಂದನ್ನು ಮೊದಲ ಸರದಿಗೆ ಹಾಕಿ, ನೆಗೆಟಿವ್ ನೋಡಿ. ತೆಳ್ಳಗಿದ್ದರೆ ಎರಡನೆಯದಕ್ಕೆ ಸಮಯ ಹೆಚ್ಚಿಸಿ, ಹಿಮ ಸುಟ್ಟಿದ್ದರೆ ಕಡಿಮೆ ಮಾಡಿ.